ಸಿರ್ಟಾದ ಮಹಜರು

ಹೆಂಗಸರ ನಿಲುವಂಗಿ 82, ಗಂಡಸರ ನಿಲುವಂಗಿ 16, ಗಂಡಸರ ಮೆಟ್ಟು 13 ಜೊತೆ, ಹೆಂಗಸರ ಮೆಟ್ಟು 47 ಜೊತೆ. ಬಟ್ಟೆ ಅಂಗಡಿಯ ದಾಸ್ತಾನು ಅಂದುಕೊಳ್ಳಬೇಡಿ. ಕ್ರಿ.ಶ. 303ರ ಮೇ 19ರಂದು ಉತ್ತರ ಆಫ್ರಿಕಾದ ಸಿರ್ಟಾ ಪಟ್ಟಣದಲ್ಲಿ ಚರ್ಚಿನ ಜಪ್ತಿಗೆ ಹೋದ ನಗರಾಧಿಕಾರಿ ಮುನಾಟಿಯಸ್ ಫೀಲಿಕ್ಸ್ ಬರೆಸಿದ ಮಹಜರು ಇದು. ಚರ್ಚುಗಳನ್ನು ಕೆಡವಿ, ಧರ್ಮಗ್ರಂಥಗಳನ್ನು ಸುಡಬೇಕೆಂದು ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ ಅದೇ ಫೆಬ್ರವರಿಯಲ್ಲಿ ಹುಕುಂ ಹೊರಡಿಸಿದ್ದ.

ಪಟ್ಟಿ ಇನ್ನೂ ಇದೆ: ಚಿನ್ನದ ಬಟ್ಟಲು 2, ಬೆಳ್ಳಿಯ ಬಟ್ಟಲು 6, ಬೆಳ್ಳಿಯ ದೀಪ 7. ಗ್ರಂಥಾಲಯದ ಕಪಾಟುಗಳು ಮಾತ್ರ ಖಾಲಿ. ಪುಸ್ತಕಗಳು ಓದುಗರ, ಅಂದರೆ ಆರಾಧನೆಯಲ್ಲಿ ಗ್ರಂಥ ಓದುವವರ ಮನೆಗಳಲ್ಲಿದ್ದವು. ಅಧಿಕಾರಿಗಳು ಮನೆಮನೆಗೂ ಹೋದರು. ವ್ಯಾಕರಣದ ಮೇಷ್ಟ್ರು ವಿಕ್ಟರ್ 2 ಪುಸ್ತಕ ಕೊಟ್ಟ. ಕೊಡ್ಡಿಯೊ ಎಂಬಾತನ ಮನೆಯಲ್ಲಿ ಅವನ ಹೆಂಡತಿಯೇ 6 ತಂದಿಟ್ಟಳು. ಅದಕ್ಕೂ ಮೊದಲು, ಚರ್ಚಿನಲ್ಲೇ, ಸಿಲ್ವಾನಸ್ ಎಂಬ ಸಬ್‌ಡೀಕನ್ (ಪಾದ್ರಿಗಿಂತ ಕೆಳಗಿನ ದರ್ಜೆಯ ಚರ್ಚ್ ಸೇವಕ), ಹರವಿಯ ಹಿಂದೆ ಸಿಕ್ಕಿತೆಂದು ಒಂದು ಬೆಳ್ಳಿ ಪೆಟ್ಟಿಗೆ, ಒಂದು ಬೆಳ್ಳಿ ದೀಪ ತಂದೊಪ್ಪಿಸಿದ. ಸಿಗದೇ ಹೋಗಿದ್ದರೆ ನಿನ್ನ ಹೆಣ ಬೀಳುತ್ತಿತ್ತು ಎಂದ ಅಲ್ಲಿದ್ದ ಗುಮಾಸ್ತ. ಈ ಸಿಲ್ವಾನಸನ ಹೆಸರು ನೆನಪಿಡಿ.

ಕ್ರೈಸ್ತರಿಗೆ ಆಶ್ರಯ ಕೊಟ್ಟ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಬರದಿದ್ದರೆ ಕ್ರೈಸ್ತ ಧರ್ಮವೇ ಬೆಳೆಯುತ್ತಿರಲಿಲ್ಲ ಎನ್ನುವವರಿಗೆ ಈ ಮಹಜರನ್ನು ತೋರಿಸಬೇಕು. ರಾಜಾಶ್ರಯ ಸಿಗುವ 10 ವರ್ಷ ಮೊದಲೇ ಒಂದು ಒಳನಾಡ ಪಟ್ಟಣದ ಚರ್ಚಿನ ಹತ್ತಿರ ಬೆಳ್ಳಿ ಬಂಗಾರವಿತ್ತು, ಬಡವರಿಗೆ, ವಿಧವೆಯರಿಗೆ ಹಂಚಲು ಇಟ್ಟದ್ದೆಂದೇ ಕಾಣುವ ಬಟ್ಟೆಯ ರಾಶಿಯಿತ್ತು, ಬಿಷಪ್‌ನಿಂದ ಹಿಡಿದು ಗೋರಿ ತೋಡುವವರವರೆಗೆ ಸಿಬ್ಬಂದಿಯಿತ್ತು. ದೊರೆ ಕೊಟ್ಟದ್ದು ಬೇರೆಯೇ. ‘ಚರ್ಚು ಅಂದರೆ ಇವರು, ಅವರಲ್ಲ’ ಎಂದು ಸರ್ಕಾರಿ ಕಾಗದದಲ್ಲಿ ಬರೆದುಕೊಟ್ಟ.

ಅದು ನಡೆದದ್ದು 312–13ರ ಚಳಿಗಾಲದ ಸುಮಾರಿಗೆ, ಕೆಲವು ಪತ್ರಗಳಲ್ಲಿ. ಉತ್ತರ ಆಫ್ರಿಕಾದ ದೊಡ್ಡ ನಗರ ಕಾರ್ಥೇಜಿನ ಬಿಷಪ್ ಸಿಸಿಲಿಯನ್‌ಗೆ 3,000 ಫೋಲಿಸ್ ಕೊಡುವಂತೆ ಆಫ್ರಿಕಾದ ಖಜಾನೆ ಅಧಿಕಾರಿ ಉರ್ಸಸ್‌ಗೆ ಆದೇಶ ಹೋಯಿತು. (ಫೋಲಿಸ್ ನಾಣ್ಯದ ಹೆಸರೂ ಹೌದು, ನಾಣ್ಯ ತುಂಬಿ ಮುದ್ರೆ ಒತ್ತಿದ ಚೀಲದ ಹೆಸರೂ ಹೌದು.) ಯಾರ್‍ಯಾರಿಗೆ ಹಂಚಬೇಕೆಂಬ ಪಟ್ಟಿ ಸ್ಪೇನಿನ ಕೊರ್ಡೊಬಾದ ಬಿಷಪ್ ಹೋಸಿಯಸ್‌ನಿಂದ ಬಂದಿತ್ತು. ಸಾಲದೇ ಬಂದರೆ ಅರಮನೆಯ ಜಮೀನು ನೋಡಿಕೊಳ್ಳುವ ಹೆರಾಕ್ಲಿಡಿಸ್‌ನನ್ನು ಕೇಳು ಎಂಬ ಸೂಚನೆಯೂ ಇತ್ತು.

ಪ್ರಾಂತಾಧಿಕಾರಿ ಅನುಲಿನಸ್‌ಗೆ ಬಂದ ಇನ್ನೊಂದು ಪತ್ರ ಹಣಕ್ಕಿಂತ ಭಾರದ್ದು. ‘ಸಿಸಿಲಿಯನ್ ಮುಖ್ಯಸ್ಥನಾಗಿರುವ ಚರ್ಚಿನ’ ಪಾದ್ರಿಗಳಿಗೆ ಸಾರ್ವಜನಿಕ ಹೊರೆಗಳಿಂದ ವಿನಾಯಿತಿ ಎಂದು ಅದರಲ್ಲಿತ್ತು. ಆ ಕಾಲದ ನಗರಸಭೆ ಸದಸ್ಯತ್ವ ಗೌರವವೂ ಹೌದು, ಕೊರಳಿಗೆ ಬಿದ್ದ ಉರುಳೂ ಹೌದು. ಊರಿನ ಕಂದಾಯ ಕಡಿಮೆ ಬಿದ್ದರೆ ಸದಸ್ಯರು ಕೈಯಿಂದ ತುಂಬಿಕೊಡಬೇಕಿತ್ತು. ಅದರಿಂದ ಬಿಡುಗಡೆ ಅಂದರೆ ಯಾರಿಗೆ ಬೇಡ? ಹಣವಂತರು ಪಾದ್ರಿಗಳಾಗಲು ನುಗ್ಗಿದರು. ಕೊನೆಗೆ ಕಾನ್‌ಸ್ಟಂಟೈನನೇ, ಸತ್ತ ಪಾದ್ರಿಯ ಜಾಗಕ್ಕೆ ಮಾತ್ರ ಹೊಸಬರು, ಸಿರಿವಂತರು ಬೇಡ ಎಂದು ಕಾನೂನು ಮಾಡಬೇಕಾಯಿತು.

ಸಿಸಿಲಿಯನ್‌ನ ಹೆಸರು ಬಿದ್ದಲ್ಲೇ ಜಗಳ ಕಚೇರಿ ಹತ್ತಿತು. ಅವನಿಗೆ ದೀಕ್ಷೆ ಕೊಟ್ಟ ಫೀಲಿಕ್ಸ್ ಎಂಬ ಬಿಷಪ್ (ಮಹಜರಿನ ಫೀಲಿಕ್ಸ್ ಅಲ್ಲ) 303ರಲ್ಲಿ ಸುಡಲು ಬಂದ ಅಧಿಕಾರಿಗಳಿಗೆ ಗ್ರಂಥ ಒಪ್ಪಿಸಿದ ದ್ರೋಹಿ, ಹಾಗಾಗಿ ಆ ದೀಕ್ಷೆಯೇ ಸಲ್ಲದು ಎಂಬುದು ಎದುರು ಪಂಗಡದ ವಾದ. ಮುಂದೆ ಇವರಿಗೆ ಡೊನಾಟಿಸ್ಟರೆಂದು ಹೆಸರಾಯಿತು. 313ರ ಏಪ್ರಿಲ್ 15ರಂದು ಅನುಲಿನಸ್ ಇವರ ಮೊಹರು ಹಾಕಿದ ಅರ್ಜಿಯನ್ನು ಚಕ್ರವರ್ತಿಗೆ ಕಳಿಸಿದ. ಈ ತಕರಾರನ್ನು ದೊರೆಯ ಬಾಗಿಲಿಗೆ ಮೊದಲು ಒಯ್ದವರು, ಮುಂದೆ ‘ದೊರೆಗೂ ಚರ್ಚಿಗೂ ಏನು ಸಂಬಂಧ’ ಎಂದು ಕೇಳಿದ ಇದೇ ಪಂಗಡದವರು!

ಅದೇ ಅಕ್ಟೋಬರಿನಲ್ಲಿ ರೋಮಿನಲ್ಲಿ ವಿಚಾರಣೆ ನಡೆದು ಸಿಸಿಲಿಯನ್ ಗೆದ್ದ. ಎದುರಾಳಿಗಳು ಒಪ್ಪಲಿಲ್ಲ. 314ರ ಆಗಸ್ಟ್ 1ಕ್ಕೆ ಗಾಲ್ ದೇಶದ (ಇಂದಿನ ಫ್ರಾನ್ಸ್) ಆರ್ಲ್‌ನಲ್ಲಿ ದೊಡ್ಡ ಸಭೆ ಕರೆಯಲಾಯಿತು. ಸಿರಕ್ಯೂಸಿನ ಬಿಷಪ್ ಕ್ರೆಸ್ಟಸ್‌ಗೆ ಬಂದ ಕರೆಯೋಲೆ ಇಂದಿಗೂ ಉಳಿದಿದೆ: ಸಿಸಿಲಿಯ ಅಧಿಕಾರಿ ಲಾಟ್ರೋನಿಯನಸ್‌ನಿಂದ ಸರ್ಕಾರಿ ಗಾಡಿ ಪಡೆದುಕೋ, ನಿನಗಿಂತ ಒಂದು ಮೆಟ್ಟಿಲು ಕೆಳಗಿನ ಇಬ್ಬರನ್ನು ಕರೆತಾ, ದಾರಿಯಲ್ಲಿ ನೋಡಿಕೊಳ್ಳಲು 3 ಆಳುಗಳಿರಲಿ. ಒಳ್ಳೆಯ ಟಿ.ಎ. ಬಿಲ್ಲಿನ ಹಾಗಿದೆ. ಮುದ್ರೆಯ ರಹದಾರಿಯಿಲ್ಲದೆ ಯಾರೂ ಹತ್ತುವಂತಿಲ್ಲದ ಸರ್ಕಾರಿ ಅಂಚೆ ಗಾಡಿ ಅದು. ಪಶ್ಚಿಮ ಸಾಮ್ರಾಜ್ಯದ ಮೂಲೆಮೂಲೆಯ ಬಿಷಪರು ಒಂದೇ ಊರಿನಲ್ಲಿ ಸೇರಲು ಸಾಧ್ಯವಾದದ್ದೇ ಅದರಿಂದ. 11 ವರ್ಷದ ನಂತರ ನೈಸಿಯಾದಲ್ಲಿ ನಡೆದ ಬಿಷಪರ ಮಹಾಸಭೆಗೂ ಇದೇ ಏರ್ಪಾಟು. ಕಾನ್‌ಸ್ಟಂಟೈನನ ಮಗನ ಕಾಲಕ್ಕಾಗಲೇ ಬಿಷಪರ ಓಡಾಟದಿಂದ ಅಂಚೆ ವ್ಯವಸ್ಥೆಯ ನರವೇ ಕತ್ತರಿಸಿದಂತಾಯಿತೆಂದು ಇತಿಹಾಸಕಾರ ಅಮ್ಮಿಯಾನಸ್ ಗೊಣಗಿದ್ದಾನೆ.

315ರಲ್ಲಿ ಬಿಷಪ್ ಫೀಲಿಕ್ಸ್‌ನ ಮೇಲಿನ ಆರೋಪದ ತನಿಖೆಯಾಯಿತು. ಸಾಕ್ಷಿಯಾಗಿ ತಂದ ಪತ್ರಕ್ಕೆ ಕೊನೆಯ ಸಾಲುಗಳನ್ನು ತಾನೇ ಸೇರಿಸಿದೆನೆಂದು ಇಂಜೆಂಟಿಯಸ್ ಎಂಬವನು ಒಪ್ಪಿಕೊಂಡ. 316ರಲ್ಲಿ ಚಕ್ರವರ್ತಿಯ ಅಂತಿಮ ತೀರ್ಪು. ಆಮೇಲೆ ಸೈನಿಕರು, ಚರ್ಚುಗಳ ವಶ, ಗಡೀಪಾರು. 321ರಲ್ಲಿ ದೊರೆಗೇ ಸಾಕಾಗಿ ಒತ್ತಾಯ ಬಿಟ್ಟ. ಅಷ್ಟರೊಳಗೆ ಡೊನಾಟಿಸ್ಟರಿಗೆ ಬೇಕಾದ ಹುತಾತ್ಮರು ಸಿಕ್ಕಿದ್ದರು.

ಈಗ ಸಿಲ್ವಾನಸ್. ದೀಪ ಒಪ್ಪಿಸಿದ ಆ ಸಬ್‌ಡೀಕನ್ ಮುಂದೆ ಸಿರ್ಟಾದ ಬಿಷಪ್ ಆದ. ಅದೂ ‘ಒಪ್ಪಿಸಿದವರ ಸಂಗ ಬೇಡ’ ಎನ್ನುವ ಡೊನಾಟಿಸ್ಟರ ಕಡೆಯವನಾಗಿ! 320ರಲ್ಲಿ ಅವನ ಜೊತೆ ಮನಸ್ತಾಪವಾದ ಡೀಕನ್ ನುಂಡಿನಾರಿಯಸ್ ಪ್ರಾಂತಾಧಿಕಾರಿ ಝೆನೋಫಿಲಸ್‌ಗೆ ದೂರು ಕೊಟ್ಟ. ಸಿಲ್ವಾನಸ್ ಬಟ್ಟೆ ಮಡಿ ಮಾಡುವ ಒಬ್ಬನಿಂದ 20 ಫೋಲಿಸ್ ತೆಗೆದುಕೊಂಡು ಅವನನ್ನು ಪಾದ್ರಿ ಮಾಡಿದ ಸಂಗತಿಯೂ ಹೊರಬಿತ್ತು. 17 ವರ್ಷ ಹಳೆಯ ಮಹಜರನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿಸಿದರು. ಅದು ನಮ್ಮವರೆಗೆ ಬಂದದ್ದೂ ಈ ವಿಚಾರಣೆಯ ಕಡತದಲ್ಲಿ ಸೇರಿಕೊಂಡೇ.

ಸಿಲ್ವಾನಸ್ ಗಡೀಪಾರಾದ, ಅವನ ಪಂಗಡ ಊರು ಬಿಡಲಿಲ್ಲ. ಆ ವೇಳೆಗೆ ಸಿರ್ಟಾಕ್ಕೆ ಚಕ್ರವರ್ತಿಯ ಹೆಸರನ್ನೇ ಇಟ್ಟಾಗಿತ್ತು; ಅಲ್ಜೀರಿಯಾದ ಭೂಪಟದಲ್ಲಿ ಈಗಲೂ ಅದು ಕಾನ್‌ಸ್ಟಂಟೈನ್. ಅಲ್ಲಿ ದೊರೆ ಕಟ್ಟಿಸಿಕೊಟ್ಟ ಬಸಿಲಿಕಾವನ್ನೇ (ದೊಡ್ಡ ಚರ್ಚು) ಡೊನಾಟಿಸ್ಟರು ಆಕ್ರಮಿಸಿಕೊಂಡರು. 330ರಲ್ಲಿ ದೊರೆ ಮಾಡಿದ್ದೇನು? ಅದನ್ನು ಬಿಡಿಸಿಕೊಡಲಿಲ್ಲ. ಸಿಸಿಲಿಯನ್ ಕಡೆಯ ಪಂಗಡಕ್ಕೆ ಖಜಾನೆಯ ಖರ್ಚಿನಲ್ಲಿ ಬೇರೆಯದನ್ನು ಕಟ್ಟಿಸಿಕೊಡುವಂತೆ ಹೇಳಿದ. ಅದೇ ಫೆಬ್ರವರಿ 5ರಂದು ಇನ್ನೊಂದು ಆದೇಶ ಸಿರ್ಟಾ ಇರುವ ನುಮಿಡಿಯಾ ಪ್ರಾಂತದ ಅಧಿಕಾರಿ ವ್ಯಾಲೆಂಟಿನಸ್‌ಗೆ ಹೋಯಿತು: ವಿರೋಧಿಗಳು ಹಟದಿಂದ ನಗರಸಭೆಯ ಕೆಲಸಕ್ಕೆ ಎಳೆದು ಹಾಕಿರುವ ಓದುಗರನ್ನು, ಸಬ್‌ಡೀಕನ್‌ಗಳನ್ನು ಕೂಡಲೇ ಬಿಟ್ಟುಬಿಡಿ.