ಗಣಿ ಕೆಲಸ ಬಿಟ್ಟವರ ಎದೆ ಯಾರು ನೋಡ್ಬೇಕು?

ನಮ್ಮ ಚಿತ್ರದುರ್ಗ ಜಿಲ್ಲೇಲಿ ಕಲ್ಲಿದ್ದಲು ಸಿಗಲ್ಲ, ಇಲ್ಲಿರೋದು ಕಬ್ಬಿಣದ ಅದಿರು, ಮ್ಯಾಂಗನೀಸು, ಹಿಂದೆ ಇಂಗಳದಾಳಲ್ಲಿ ತಾಮ್ರಾನೂ ತೆಗೀತಿದ್ರು. ಆದ್ರೂ ಕಲ್ಲಿದ್ದಲು ಗಣಿ ಕಾರ್ಮಿಕರಿಗೆ ಸರ್ಕಾರ ಏನೇನು ಮಾಡೈತೆ ಅಂತ ನಾನು ಕೂತು ಓದಿದೀನಿ, ಯಾಕಂದ್ರೆ ಭೀಮಸಮುದ್ರ, ಹೊಳಲ್ಕೆರೆ, ಹೊಸದುರ್ಗ ಕಡೆ ಅದಿರಲ್ಲಿ ದುಡಿದು ಈಗ ಮನೇಲಿ ಕೂತಿರೋ ನಮ್ಮೋರಿಗೆ ಏನೇನು ತಪ್ಪಿಹೋಗೈತೆ ಅನ್ನೋದು ಅದನ್ನ ಓದಿದ್ಮೇಲೇನೆ ನನಗೆ ಸರಿಯಾಗಿ ಗೊತ್ತಾಗಿದ್ದು.

ಕಲ್ಲಿದ್ದಲಿನೋರಿಗೆ 1948ರಲ್ಲೇ ಬೇರೆ ಪಿಎಫ್ ಕಾಯ್ದೆ ಬಂತು, ಅದರ ಕೇಂದ್ರ ಕಚೇರಿ ಧನಬಾದ್‌ನಲ್ಲೈತೆ. 1998ರಲ್ಲಿ ಅವರದ್ದೇ ಪೆನ್ಷನ್ ಸ್ಕೀಮ್ ಆಯ್ತು. ಗಣಿಗಳು ರಾಷ್ಟ್ರೀಕರಣ ಆಗಿ 1975ರಲ್ಲಿ ಕೋಲ್ ಇಂಡಿಯಾ ಅನ್ನೋ ಸರ್ಕಾರಿ ಕಂಪನಿ ಶುರುವಾಯ್ತು, ಅದರ ಕಂಪನಿಗಳಿಗೆ ಸ್ವಂತ ಆಸ್ಪತ್ರೆಗಳಿದಾವೆ, ರಿಟೈರ್ ಆದ ಕಾರ್ಮಿಕರಿಗೂ ವೈದ್ಯಕೀಯ ಸ್ಕೀಮ್ ಐತೆ. ಅಲ್ಲೂ ಕಂಟ್ರಾಕ್ಟ್ ಕೆಲಸದೋರ ಪಾಡು ಕಷ್ಟಾನೇ, ಆದ್ರೆ ಕೆಲಸ ಬಿಟ್ಟವನೂ ನಮ್ಮೋನು ಅನ್ನೋದನ್ನ ಕಾಗದದಲ್ಲಾದ್ರೂ ಒಪ್ಕೊಂಡಿದಾರೆ.

ರಿಸರ್ಚಿಗೂ ಹಾಗೇ ದುಡ್ಡು ಕೊಡ್ತಾ ಬಂದಿದಾರೆ. ಕಲ್ಲಿದ್ದಲು ಸಚಿವಾಲಯದ ಅನುದಾನ 1975ರಿಂದ ಐತೆ, ಗಣಿ ಯೋಜನೆ ರೂಪಿಸೋ ಕೋಲ್ ಇಂಡಿಯಾದ್ದೇ ಸಂಸ್ಥೆ, ರಾಂಚಿಯ ಸಿಎಂಪಿಡಿಐ, ಅದನ್ನ ನೋಡ್ಕೊಳುತ್ತೆ. ಅದೇ ವರ್ಷ ಡಿಸೆಂಬರಲ್ಲಿ ಧನಬಾದ್ ಹತ್ರದ ಚಾಸ್ನಾಲಾ ಕಲ್ಲಿದ್ದಲು ಗಣಿಗೆ ನೀರು ನುಗ್ಗಿ 370ಕ್ಕೂ ಹೆಚ್ಚು ಜನ ಸತ್ರು, ಅಂಥಾದ್ದು ಮತ್ತೆ ಆಗಬಾರದು ಅಂದ್ರೆ ಸಂಶೋಧನೆ ಬೇಕೇ ಬೇಕು. ಈಗ 2024ರಲ್ಲಿ ಕಲ್ಲಿದ್ದಲನ್ನ ಗ್ಯಾಸ್ ಮಾಡೋ ಯೋಜನೆಗಳಿಗೆ 8,500 ಕೋಟಿ ಅಂತ ಮಂಜೂರಾಯ್ತು. ಆಗ್ಲಿ, ರಾಯಚೂರು, ಬಳ್ಳಾರಿಯಲ್ಲಿ ಕಲ್ಲಿದ್ದಲು ಸುಟ್ಟು ಬರೋ ಕರೆಂಟಲ್ಲೇ ನಾವೂ ಬದುಕ್ತಿರೋದು, ಬೇಡ ಅನ್ನಲ್ಲ. ಆದ್ರೆ ಗಣಿ ಕಾರ್ಮಿಕರ ಆರೋಗ್ಯಕ್ಕೆ ಅಂತಾನೇ ನಾಗಪುರದಲ್ಲಿದ್ದ ರಾಷ್ಟ್ರೀಯ ಸಂಸ್ಥೇನ 2019ರಲ್ಲಿ ಅಹಮದಾಬಾದಿನ ಇನ್ನೊಂದು ಸಂಸ್ಥೆ ಜೊತೆ ವಿಲೀನ ಮಾಡಿದ್ರಲ್ಲ, ಅದು ನನಗೆ ಸರಿ ಕಾಣಲಿಲ್ಲ, ಇವರಿಗೆ ಅಂತ ಒಂದು ಬೋರ್ಡಾದ್ರೂ ಬೇರೆ ಇರಬೇಕಿತ್ತು.

ಇನ್ನು ನಮ್ಮ ಕಡೆ ಬನ್ನಿ. ನಮ್ಮ ದೊಡ್ಡಪ್ಪ ಒಂದು ಅದಿರು ಗಣೀಲಿ ಕ್ರಷರ್ ಹತ್ರ ವರ್ಷಗಟ್ಟಲೆ ಕೆಲಸ ಮಾಡಿದೋರು. ಕೆಲಸ ಬಿಟ್ಟು ಎಷ್ಟೋ ವರ್ಷ ಆದ್ಮೇಲೆ ಕೆಮ್ಮು, ದಮ್ಮು ಶುರುವಾಯ್ತು, ನಾಲ್ಕು ಹೆಜ್ಜೆ ನಡೆದ್ರೆ ಕೂತ್ಕೊಳ್ಳೋರು. ಟಿಬಿ ಅಂತ ಮಾತ್ರೆ ಕೊಟ್ರು, ಕೋರ್ಸ್ ಮುಗೀತು, ಕೆಮ್ಮು ಹೋಗ್ಲಿಲ್ಲ. "ಬೀಡಿ ಸೇದ್ತೀಯಾ ಅಂತ ಎಲ್ರೂ ಕೇಳಿದ್ರು ಕಣಪ್ಪ, ಏನ್ ಕೆಲಸ ಮಾಡ್ತಿದ್ದೆ ಅಂತ ಒಬ್ರೂ ಕೇಳ್ಲಿಲ್ಲ" ಅಂತಾರೆ. ಸಿಲಿಕಾ ಇರೋ ಕಲ್ಲಿನ ಸಣ್ಣ ಧೂಳು ಒಳಗೆ ಹೋದ್ರೆ ಶ್ವಾಸಕೋಶದಲ್ಲೇ ಉಳಿದು ಅಲ್ಲೆಲ್ಲ ಗಾಯ ಕಟ್ಟಿ ಗಟ್ಟಿಯಾಗುತ್ತೆ, ಅದೇ ಸಿಲಿಕೋಸಿಸ್. ಎಕ್ಸ್‌ರೇಲಿ ಟಿಬಿ ಥರಾನೇ ಕಾಣಬಹುದು, ಸಿಲಿಕೋಸಿಸ್ ಇದ್ದೋರಿಗೆ ಟಿಬಿ ಬರೋದೂ ಜಾಸ್ತಿ, ಹೋದ ಶ್ವಾಸಕೋಶ ವಾಪಸ್ ಬರಲ್ಲ. ಕಾನೂನಲ್ಲಿ ಗಣಿ ಕಾರ್ಮಿಕರಿಗೆ ಐದು ವರ್ಷಕ್ಕೊಂದು ಸಲ ತಪಾಸಣೆ ಅಂತ ಇತ್ತು, ಆದ್ರೆ ಅದು ಕೆಲಸದಲ್ಲಿರೋ ತನಕ, ಕಾಯಿಲೆ ಕಾಣಿಸ್ಕೊಳ್ಳೋದು ಎಷ್ಟೋ ಸಲ ಹತ್ತು ಹದಿನೈದು ವರ್ಷ ಆದ್ಮೇಲೆ.

ಕಬ್ಬಿಣ, ಮ್ಯಾಂಗನೀಸು ಗಣಿಯೋರಿಗೂ 1976ರಲ್ಲಿ ಕಲ್ಯಾಣ ನಿಧಿ ಕಾಯ್ದೆ ಬಂದಿತ್ತು, ಅದಿರಿನ ಮೇಲೆ ಸೆಸ್ ಹಾಕಿ ಆ ದುಡ್ಡಲ್ಲಿ ಚಿಕಿತ್ಸೆ, ಮಕ್ಕಳಿಗೆ ಸ್ಕಾಲರ್‌ಶಿಪ್ಪು, ಮನೆ. 2016ರಲ್ಲಿ ಆ ಸೆಸ್ ರದ್ದಾಯ್ತು. ಅದಕ್ಕೂ ಮುಂಚೆ 2011ರ ಆಗಸ್ಟಲ್ಲಿ ಸುಪ್ರೀಂ ಕೋರ್ಟು ನಮ್ಮ ಜಿಲ್ಲೆ ಗಣಿಗಾರಿಕೆ ನಿಲ್ಲಿಸಿತ್ತು, ಅಕ್ರಮ ಅಷ್ಟು ನಡೆದಿತ್ತು, ನಿಲ್ಲಿಸಿದ್ದು ಸರೀನೇ, ಆದ್ರೆ ಕೂಲಿ ಮಾಡ್ತಿದ್ದೋರು ಬರಿಗೈಲಿ ಮನೆಗೆ ಹೋದ್ರು, ಅವರ ಲೆಕ್ಕ ಇಟ್ಟೋರು ಯಾರು?

ಈಗ ಇರೋ ದಾರಿ ಜಿಲ್ಲಾ ಖನಿಜ ಪ್ರತಿಷ್ಠಾನ, ಅಂದ್ರೆ ಗಣಿಯಿಂದ ತೊಂದರೆ ಆದ ಜನಕ್ಕೆ, ಊರಿಗೆ ಅಂತ ಇರೋ ಜಿಲ್ಲಾ ನಿಧಿ. 2015ರ ಕಾನೂನು ತಿದ್ದುಪಡಿಯಿಂದ ಬಂದಿದ್ದು, ಹಳೇ ಲೀಸಿನೋರು ರಾಯಲ್ಟಿಯ (ಅದಿರಿಗೆ ಸರ್ಕಾರಕ್ಕೆ ಕಟ್ಟೋ ಹಣ) ಶೇ 30ರಷ್ಟು, ಹರಾಜಲ್ಲಿ ತಗೊಂಡೋರು ಶೇ 10ರಷ್ಟು ಇದಕ್ಕೆ ಕಟ್ಟಬೇಕು, ಅದರಲ್ಲಿ ಹೆಚ್ಚಿನ ಪಾಲು ಕುಡಿಯೋ ನೀರು, ಆರೋಗ್ಯ, ಶಿಕ್ಷಣ ಇಂಥವಕ್ಕೆ ಹೋಗ್ಬೇಕು. ರೋಡು ಬೇಡ, ಶಾಲೆ ಕೊಠಡಿ ಬೇಡ ಅಂತ ನಾನು ಹೇಳ್ತಿಲ್ಲ. ಗಣಿ ಸುತ್ತಲ ಹಳ್ಳಿಗಳಿಗೆ ಒಂದು ಎಕ್ಸ್‌ರೇ ವ್ಯಾನು, ಸಿಲಿಕೋಸಿಸ್ ಗುರುತು ಹಿಡಿಯೋಕೆ ಟ್ರೈನಿಂಗ್ ಆದ ಡಾಕ್ಟರು, ಹಳೇ ಕಾರ್ಮಿಕರ ಒಂದು ಪಟ್ಟಿ, ಇಷ್ಟು ಮೊದ್ಲು ಆಗ್ಲಿ ಅಂತಿದೀನಿ. ರಾಜಸ್ಥಾನದಲ್ಲಿ 2019ರಲ್ಲೇ ಇದಕ್ಕೊಂದು ನೀತಿ ಮಾಡಿದ್ರು, ಸಿಲಿಕೋಸಿಸ್ ಅಂತ ಸರ್ಟಿಫಿಕೇಟ್ ಆದ್ರೆ 3 ಲಕ್ಷ, ಸತ್ರೆ ಮನೆಯೋರಿಗೆ 2 ಲಕ್ಷ. ಅವರ ಕೈಲಿ ಆಗಿದ್ದು ನಮ್ಮ ಸರ್ಕಾರದ ಕೈಲಿ ಯಾಕಾಗಲ್ಲ?

ನಿಮ್ಮನೇಲೂ ಗಣೀಲಿ ದುಡಿದ ಅಪ್ಪಾನೋ, ಅಜ್ಜಾನೋ, ಅದಿರು ಆರಿಸೋಕೆ ಹೋಗ್ತಿದ್ದ ಅಮ್ಮಾನೋ ಇದ್ರೆ ಅವರ ಹಳೇ ಹಾಜರಿ ಕಾರ್ಡು, ಗೇಟ್ ಪಾಸು, ಪಿಎಫ್ ಚೀಟಿ, ಎಕ್ಸ್‌ರೇ ಫಿಲ್ಮು ಯಾವ್ದನ್ನೂ ಬಿಸಾಕಬೇಡಿ, ಟ್ರಂಕಲ್ಲಿ ಹುಡುಕಿ ಒಂದು ಕಡೆ ಇಡಿ, ಇಷ್ಟು ವರ್ಷ ಧೂಳಲ್ಲಿ ಕೆಲಸ ಮಾಡಿದಾರೆ ಅಂತ ತೋರ್ಸೋಕೆ ನಾಳೆ ಅವೇ ಬೇಕಾಗೋದು. ಆಸ್ಪತ್ರೆಗೆ ಕರ್ಕೊಂಡು ಹೋದಾಗ ಡಾಕ್ಟರು ಕೇಳ್ದೇ ಇದ್ರೂ ನೀವೇ ಹೇಳಿ, ಇವರು ಗಣೀಲಿ ಇದ್ರು ಅಂತ.