ಮಂಚದ ಕೆಳಗಿನ ಝೆರಾಕ್ಸ್ ರಾಶಿ ಕೊನೆಗೂ ಕರಗಿತು

ಈ ವಾರ ನಮ್ಮ ರೂಮಿನ ಸಾಮಾನು ಕಡಿಮೆ ಮಾಡುವ ಕೆಲಸದಲ್ಲಿ ದೊಡ್ಡದೊಂದು ಗಂಟು ಬಿಚ್ಚಿತು. ಬಟ್ಟೆ, ಕೆಟ್ಟ ಚಾರ್ಜರು, ಖಾಲಿ ಡಬ್ಬಿ, ಸೀಳಿದ ಬಕೆಟ್ಟು, ಇವೆಲ್ಲ ಹೇಗೆ ಹೋದವು ಅಂತ ಬರೆಯುವುದಿಲ್ಲ. ರೂಮು ಹಗುರ ಮಾಡುವ ಹುಚ್ಚು ಹತ್ತಿದವರಿಗೆ ಅದೆಲ್ಲ ಗೊತ್ತಿರೋದೇ. ಗುಡ್ಡೆ ಮಾಡಿ, ಚೀಲಕ್ಕೆ ತುಂಬಿ, ಕೊಟ್ಟರೆ ಮುಗೀತು. ನಮ್ಮನ್ನು ಕಾಡಿದ್ದು ಕಾಗದ. ಬರೀ ಕಾಗದ.

ಪುಣೆಯ ಸದಾಶಿವ ಪೇಠೆಯಲ್ಲಿ ಕಾಟ್ ಬೇಸಿಸ್ ಮೇಲೆ, ಅಂದರೆ ಒಂದು ಮಂಚಕ್ಕಷ್ಟೇ ಬಾಡಿಗೆ ಕೊಟ್ಟು, ಇದ್ದವರಿಗೆ ಜಾಗದ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಮಂಚ, ಕಪಾಟಿನಲ್ಲಿ ಒಂದು ಪಾಲು, ಗೋಡೆಯಲ್ಲಿ ಒಂದಿಷ್ಟು ಮೊಳೆ. ನಾವು ಮೂವರು. ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್. ವಿಜಯಪುರದ ಈರಣ್ಣ ಸಿಎ ಮಾಡುತ್ತಿದ್ದಾನೆ. ಮಹಾರಾಷ್ಟ್ರದ ಗಡಿಯ ಜತ್ತ ತಾಲೂಕಿನ ಬಸು ಎಂಪಿಎಸ್‌ಸಿಗೆ, ಅಂದರೆ ಮಹಾರಾಷ್ಟ್ರ ಸರ್ಕಾರಿ ಹುದ್ದೆಗಳ ಪರೀಕ್ಷೆಗೆ, ಕೂತಿದ್ದಾನೆ. ಅವನಿಗೆ ಮನೆಯಲ್ಲಿ ಕನ್ನಡ, ಪರೀಕ್ಷೆ ಮರಾಠಿಯಲ್ಲಿ. ಮೂರು ಓದು, ಮೂರು ಬಗೆಯ ಕಾಗದ, ಎಲ್ಲ ಸೇರಿದ್ದು ಮಂಚದ ಕೆಳಗೆ.

ಒಮ್ಮೆ ಸುಮ್ನೆ ಲೆಕ್ಕ ಹಾಕಿದೆ. ಮಂಚದ ಕೆಳಗೆ ಒಂದಡಿ ಎತ್ತರ ಜಾಗ ಇದೆ. ಸಾಮಾನ್ಯ ಝೆರಾಕ್ಸ್ ಹಾಳೆಯ ದಪ್ಪ ಹೆಚ್ಚುಕಡಿಮೆ 0.1 ಮಿ.ಮೀ. ಅಂದರೆ ಒಂದಡಿ ರಾಶಿಯಲ್ಲಿ ಹತ್ತಿರಹತ್ತಿರ 3000 ಹಾಳೆ. 75 ಜಿಎಸ್‌ಎಂ (ಚದರ ಮೀಟರಿಗೆ 75 ಗ್ರಾಂ) ಎ4 ಹಾಳೆ ಒಂದಕ್ಕೆ 4.7 ಗ್ರಾಂ ತೂಕ. ಒಂದು ರಾಶಿ ಅಂದರೆ 14 ಕಿಲೋ. ನಮ್ಮಲ್ಲಿ ಅಂಥ ರಾಶಿಗಳು ತಲೆದಿಂಬಿನ ಕಡೆಯಿಂದ ಕಾಲಿನ ಕಡೆಯವರೆಗೂ ಸಾಲಾಗಿ ನಿಂತಿದ್ದವು. ಅದರ ಮೇಲೆಯೇ ಮಲಗುತ್ತಿದ್ದೆವು. ನಿದ್ದೆ ಚೆನ್ನಾಗಿ ಬರದಿದ್ದರೆ ಆಶ್ಚರ್ಯ ಏನಿದೆ?

ಮಳೆಗಾಲ ಬಂದರೆ ಇನ್ನೂ ಕಷ್ಟ. ಕಾಗದ ಗಾಳಿಯ ತೇವ ಹೀರುತ್ತದೆ, ಅದರ ನಾರು ಅಡ್ಡಕ್ಕೆ ಉಬ್ಬುತ್ತದೆ, ಅಂಚು ಅಲೆಅಲೆಯಾಗುತ್ತದೆ. ಗಾಳಿಯ ತೇವ 70 ಶೇಕಡಾ ದಾಟಿ ಹಾಗೇ ನಿಂತರೆ ಬೂಷ್ಟು ಹಿಡಿಯುತ್ತದೆ. ಪುಣೆಯಲ್ಲಿ ಜುಲೈ, ಆಗಸ್ಟಿನಲ್ಲಿ ಕಿಟಕಿ ಮುಚ್ಚಿದ ರೂಮಿನೊಳಗೆ ಒದ್ದೆ ಬಟ್ಟೆಯನ್ನೂ ಹಗ್ಗಕ್ಕೆ ಹಾಕಿರುತ್ತೇವೆ. ಮಂಚದ ಕೆಳಗೆ ಗಾಳಿ ಆಡುವುದೇ ಇಲ್ಲ. ತಳದ ಕಟ್ಟು ಎಳೆದರೆ ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದು ಮೂಲೆಯಲ್ಲಿ ಕಂದು ಕಲೆ, ಮಧ್ಯದಿಂದ ಬೆಳ್ಳಗೆ ಹೊಳೆಯುವ ಹುಳು ಸರ್ರನೆ ಓಡುತ್ತಿತ್ತು. ಅದಕ್ಕೆ ಬೇಕಾದದ್ದು ಅಂಟು, ಕಾಗದ, ತೇವ. ಮೂರನ್ನೂ ನಾವೇ ಒದಗಿಸಿದ್ದೆವು.

ಮೊದಲು ವಿಷಯದ ಪ್ರಕಾರ ವಿಂಗಡಿಸಿದೆವು. ಎಲ್ಲರೂ ಹೇಳುವುದು ಅದನ್ನೇ. ಆದರೆ ಝೆರಾಕ್ಸ್ ಕಟ್ಟು ಪುಸ್ತಕದಂತೆ ಒಂದೇ ವಿಷಯದ್ದಾಗಿರುವುದಿಲ್ಲ. ನನ್ನ ಕೈಗೆ ಬಂದ ಒಂದು ಕಟ್ಟಿನಲ್ಲಿ ಮೇಲೆ ಥರ್ಮೋಡೈನಮಿಕ್ಸ್, ಮಧ್ಯದಲ್ಲಿ ಎಂ3ರ (ಮೂರನೇ ಗಣಿತ ಪೇಪರಿನ) ಬಿಡಿಸಿದ ಪ್ರಶ್ನೆಪತ್ರಿಕೆ, ಕೊನೆಯ ಹಾಳೆಯ ಹಿಂದೆ ಯಾರದೋ ಮೆಸ್ಸಿನ ಲೆಕ್ಕ. ಅಂಚಿನಲ್ಲಿ ಸೀನಿಯರ್ ಒಬ್ಬರ ಹಸಿರು ಪೆನ್ನಿನ ಟಿಪ್ಪಣಿ ಬೇರೆ. ಅದು ಚೆನ್ನಾಗಿತ್ತು ಕೂಡ. ಇದನ್ನು ಯಾವ ಗುಡ್ಡೆಗೆ ಹಾಕುವುದು? ಬಿಡಿಸಿದರೆ ಟಿಪ್ಪಣಿ ಅರ್ಧ, ಬಿಡಿಸದಿದ್ದರೆ ಗುಡ್ಡೆ ಅರ್ಧ. ಸಂಜೆ ಹೊತ್ತಿಗೆ ನೆಲ ತುಂಬ ಹನ್ನೆರಡು ಗುಡ್ಡೆ, ಕಾಲಿಡಲು ಜಾಗ ಇಲ್ಲ, ಒಂದು ಹಾಳೆಯೂ ಹೊರಗೆ ಹೋಗಿಲ್ಲ. ನಾನು ಯಾವುದಾದರೂ ಎತ್ತಿದರೆ ಸಾಕು, ಬಸು ಓಡಿ ಬರುತ್ತಿದ್ದ. "ಏ, ಅದನ್ನ ಒಗಿಬ್ಯಾಡೋ, ಮುಂದ ಬೇಕಾಗ್ತದ."

ಮುಂದ ಬೇಕಾಗ್ತದ. ಇಡೀ ಸಮಸ್ಯೆ ಈ ಎರಡು ಮಾತಿನಲ್ಲಿ ಇತ್ತು. ಅದು ಗೊತ್ತಾಗುವ ಮೊದಲು ಫೋಲ್ಡರ್ ಕಾಂಡ ನಡೆಯಬೇಕಿತ್ತು.

ಫೋಲ್ಡರ್ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ಇದರಲ್ಲಿ ದುಡ್ಡು ಹೋಗುತ್ತದೆ. ಲಕ್ಷ್ಮಿ ರೋಡಿನ ಹತ್ತಿರದ ಒಂದು ಅಂಗಡಿಯಲ್ಲಿ ಪಾರದರ್ಶಕ ಕವರಿನ ಫೋಲ್ಡರ್ ತಂದೆವು. ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಅಂತ ಕೇಳಿಯೇ ತಂದದ್ದು, ಪಿಪಿ ಅಂತಲೇ ಅವರು ಕೊಟ್ಟದ್ದು. ಬೇಸಿಗೆ ಕಳೆದ ಮೇಲೆ ಒಂದು ಹಾಳೆ ಎಳೆದರೆ ಪಟಪಟ ಅಂತ ಸದ್ದು. ಹಾಳೆ ಹೊರಗೆ ಬಂತು, ಅಕ್ಷರ ಒಳಗೇ ಉಳಿಯಿತು. ಕವರನ್ನು ಬೆಳಕಿಗೆ ಹಿಡಿದರೆ ಇಡೀ ಪುಟ ಪ್ಲಾಸ್ಟಿಕ್ಕಿನ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕೂತಿತ್ತು. ಅವರು ಕೊಟ್ಟದ್ದು ಪಿಪಿಯೇ ಅಲ್ಲ, ಪಿವಿಸಿ ಅನ್ನುವ ಬೇರೆ ಪ್ಲಾಸ್ಟಿಕ್. ಆಗುವುದು ಹೀಗೆ. ಝೆರಾಕ್ಸಿನ ಕಪ್ಪು ಶಾಯಿ ಅಲ್ಲ, ಪ್ಲಾಸ್ಟಿಕ್ ಪುಡಿ. ಬಿಸಿಯಲ್ಲಿ ಕರಗಿಸಿ ಹಾಳೆಗೆ ಅಂಟಿಸಿರುತ್ತಾರೆ. ಪಿವಿಸಿಯನ್ನು ಮೆತ್ತಗೆ ಮಾಡಲು ಎಣ್ಣೆಯಂಥ ಪದಾರ್ಥ ಬೆರೆಸಿರುತ್ತಾರೆ. ಅದು ನಿಧಾನಕ್ಕೆ ಹೊರಬಂದು ಆ ಪುಡಿಯನ್ನು ಮೆತ್ತಗೆ ಮಾಡುತ್ತದೆ, ಅಕ್ಷರ ಕವರಿಗೆ ಹತ್ತುತ್ತದೆ. ಪಿಪಿಯಲ್ಲಿ ಆ ಎಣ್ಣೆ ಇರುವುದಿಲ್ಲ.

ಅಂಗಡಿಯಲ್ಲೇ ಪತ್ತೆ ಹಚ್ಚಬಹುದು. ಕವರು ಹಿಚುಕಿ ನೋಡಿ. ಪಿಪಿಯಾದರೆ ಚರಚರ ಅನ್ನುತ್ತದೆ, ವಾಸನೆ ಇರುವುದಿಲ್ಲ. ಪಿವಿಸಿ ಮೆತ್ತಗೆ ಜೋತುಬೀಳುತ್ತದೆ, ಹೊಸ ರೇನ್‌ಕೋಟಿನ ವಾಸನೆ ಬರುತ್ತದೆ, ಎರಡು ಕವರು ಒಂದಕ್ಕೊಂದು ಹತ್ತಿಕೊಳ್ಳುತ್ತವೆ. ತ್ರಿಕೋನದ ಗುರುತು ಇದ್ದರೆ ಒಳಗೆ 5 ಅಂದರೆ ಪಿಪಿ, 3 ಅಂದರೆ ಪಿವಿಸಿ. ಅಂಗಡಿಗೆ ಹೋಗಿ ತೋರಿಸಿದಾಗ ಮಾಲೀಕರು ಕವರನ್ನು ತಿರುಗಿಸಿಯೂ ನೋಡಲಿಲ್ಲ. ಡಬ್ಬದ ಮೇಲೆ ಪಿಪಿ ಅಂತ ಬರೆದಿದೆ, ನಾನೇನು ಮಾಡಲಿ ಅಂದರು. ನನಗೆ ನಿಜಕ್ಕೂ ಸಿಟ್ಟು ಬಂತು. ದುಡ್ಡು ಎಣಿಸಿ ಖರ್ಚು ಮಾಡುವ ಹುಡುಗರು ಅಲ್ಲಿ ಮಾರ್ಕ್ಸ್‌ಕಾರ್ಡ್ ಇಡಲು ಕವರು ಕೊಳ್ಳುತ್ತಾರೆ.

ಬೈಯುವುದಾದರೆ ಇನ್ನೊಬ್ಬರಿದ್ದಾರೆ. ಎರಡೂ ಬದಿಗೆ ತೆಗೆಯಿರಿ ಅಂದರೂ ಒಂದೇ ಬದಿಗೆ ತೆಗೆದು ಕೈಗಿಡುವ ಝೆರಾಕ್ಸ್ ಅಂಗಡಿಯವರು. ಸಬ್‌ಮಿಷನ್ ವಾರದಲ್ಲಿ ಸಾಲು ಬೀದಿಗೆ ಬಂದಿರುತ್ತದೆ, ಜಗಳಕ್ಕೆ ಹೊತ್ತಿರುವುದಿಲ್ಲ, ತಂದುಬಿಡುತ್ತೇವೆ. ರಾಶಿ ಅಲ್ಲೇ ಎರಡು ಪಟ್ಟಾಗುತ್ತದೆ.

ಸ್ಕ್ಯಾನ್ ಮಾಡಿ ಅನ್ನುವವರಿಗೂ ಒಂದು ಮಾತು. ಮಾಡಿ ನೋಡಿದ್ದೇವೆ. ಈರಣ್ಣ ಕೈಯಲ್ಲಿ ಫೋನು ಹಿಡಿದು ಒಂದು ಮಧ್ಯಾಹ್ನ ಪೂರ್ತಿ ಕೂತ. ಫೋನು ತುಂಬಿತು, ರಾಶಿಯ ಮೇಲಿನ ಎರಡು ಬೆರಳಷ್ಟು ಹೋಯಿತು. ಅದಕ್ಕಿಂತ ಮುಖ್ಯ, ಹೆಸರಿಲ್ಲದ ನೂರಾರು ಪಿಡಿಎಫ್ ಹುಟ್ಟಿದವು. ಮಂಚದ ಕೆಳಗಿನ ಭಾರ ಜೇಬಿಗೆ ಬಂತು ಅಷ್ಟೇ. ನಿಮ್ಮದೇ ಕೈಬರಹದ, ಬೇರೆಲ್ಲೂ ಸಿಗದ ಹಾಳೆಯನ್ನು ಸ್ಕ್ಯಾನ್ ಮಾಡಿ. ಝೆರಾಕ್ಸಿನ ಸ್ಕ್ಯಾನ್ ಮಾತ್ರ ಬೇಡವೇ ಬೇಡ.

ದಾರಿ ಸಿಕ್ಕಿದ್ದು ಪುಣೆ ಹತ್ತಿರದ ಕಾರ್ಖಾನೆಗಳ ಊರು ಚಾಕಣದಲ್ಲಿ. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದಾಗ ಕೆಂಪು ಟ್ಯಾಗಿನ ಜಾಗ ದಿನಾ ನೋಡುತ್ತಿದ್ದೆ. 5ಎಸ್, ಅಂದರೆ ಕೆಲಸದ ಜಾಗ ಅಚ್ಚುಕಟ್ಟಾಗಿಡುವ ಜಪಾನಿ ಪದ್ಧತಿ, ಗೊತ್ತಿದ್ದವರಿಗೆ ಇದು ಹೊಸದಲ್ಲ. ಶಾಪ್‌ಫ್ಲೋರಿನಲ್ಲಿ ಬೇಕೋ ಬೇಡವೋ ಗೊತ್ತಾಗದ ವಸ್ತು ಕಂಡರೆ ಅದಕ್ಕೆ ಕೆಂಪು ಚೀಟಿ ಕಟ್ಟಿ, ತಾರೀಖು ಬರೆದು, ಹಳದಿ ಗೆರೆ ಎಳೆದ ಒಂದು ಜಾಗಕ್ಕೆ ಸಾಗಿಸುತ್ತಾರೆ. ಗಡುವಿನೊಳಗೆ ಯಾರೂ ಕೇಳಿಕೊಂಡು ಬರದಿದ್ದರೆ ಅದು ಹೋಗುತ್ತದೆ. ಅಲ್ಲಿ ಈ ವಸ್ತು ಏನು ಅಂತ ಯಾರೂ ಚರ್ಚೆ ಮಾಡುವುದಿಲ್ಲ. ಇದರಿಂದ ಯಾವ ಕೆಲಸ ಆಗಬೇಕು, ಯಾವಾಗ, ಅಷ್ಟೇ ಕೇಳುತ್ತಾರೆ.

ನಾವು ಹಾಳೆಗೆ ಕೇಳುತ್ತಿದ್ದ ಪ್ರಶ್ನೆಯೇ ಬದಲಾಗಬೇಕಿತ್ತು. ಇದು ಯಾವ ವಿಷಯ ಅನ್ನುವುದನ್ನು ಬಿಟ್ಟೆವು. ಇದು ಯಾವ ತಾರೀಖಿನ ಪರೀಕ್ಷೆಗೆ ಬೇಕು ಅಂತ ಕೇಳಿದೆವು. ಬಸುವಿನ "ಮುಂದ" ಅನ್ನುವುದಕ್ಕೆ ಒಂದು ದಿನಾಂಕ ಕೇಳಿದ ಕೂಡಲೇ ಅರ್ಧ ರಾಶಿ ತಾನಾಗಿ ಸಡಿಲವಾಯಿತು.

ಬಸು ಬರೆಯುವ ಎಂಪಿಎಸ್‌ಸಿಯ ರಾಜ್ಯಸೇವಾ ಮುಖ್ಯ ಪರೀಕ್ಷೆ 2025ರಿಂದ ವಿವರವಾಗಿ ಉತ್ತರ ಬರೆಯುವ ಮಾದರಿಗೆ ಹೋಗಿದೆ. ಬಸುವಿನ ಹತ್ತಿರ ಇದ್ದ ನಾಲ್ಕು ಆಯ್ಕೆಯ ಪ್ರಶ್ನೆಗಳ ಮುಖ್ಯ ಪರೀಕ್ಷೆ ಗೈಡುಗಳಿಗೆ ಬರೆಯಲು ತಾರೀಖೇ ಇರಲಿಲ್ಲ. ಈರಣ್ಣನ ತೆರಿಗೆ ನೋಟ್ಸು ಹಳೇ ಫೈನಾನ್ಸ್ ಆಕ್ಟಿನವು, ಅಂದರೆ ಹಳೇ ವರ್ಷದ ಬಜೆಟ್ಟಿನ ತೆರಿಗೆ ಕಾನೂನಿನವು. ಪ್ರತಿ ವರ್ಷ ಬದಲಾಗುವ ವಿಷಯ, ಹಳೇದನ್ನು ಓದಿದರೆ ತಪ್ಪು ಉತ್ತರವೇ ಗಟ್ಟಿಯಾಗುತ್ತದೆ. ನನ್ನ ಕಡೆ ರೂಮು ಬಿಟ್ಟು ಹೋದ ಸೀನಿಯರ್‌ಗಳು ಪ್ರೀತಿಯಿಂದ ಕೊಟ್ಟ 2015 ಪ್ಯಾಟರ್ನಿನ (ಆ ವರ್ಷದ ಪಠ್ಯಕ್ರಮದ) ಕಟ್ಟುಗಳು. ನಾನು ಬರೆಯುವುದು 2019 ಪ್ಯಾಟರ್ನು, ಸೆಮಿಸ್ಟರಿನ ನಡುವಿನ ಪರೀಕ್ಷೆ ಇನ್‌ಸೆಮ್‌ಗೆ 30 ಅಂಕ, ಕೊನೆಯ ಎಂಡ್‌ಸೆಮ್‌ಗೆ 70. ಅವರ ಯೂನಿಟ್ಟುಗಳಿಗೂ ನಮ್ಮವಕ್ಕೂ ತಾಳೆ ಆಗುವುದಿಲ್ಲ.

ತಾರೀಖು ಇದ್ದ ಹಾಳೆ ಉಳಿಯಿತು. ತಾರೀಖು ಇಲ್ಲದ್ದು, ಕೈಬರಹವೂ ಅಲ್ಲದ್ದು, ಕೆಂಪು ಟೇಪು ಸುತ್ತಿ ಬಾಗಿಲ ಹಿಂದೆ ಹೋಯಿತು. ಇನ್‌ಸೆಮ್ ಮುಗಿಯುವವರೆಗೆ ಗಡುವು. ಯಾರಿಗೆ ಏನು ಬೇಕೋ ತೆಗೆದುಕೊಳ್ಳಬಹುದು. ಬಸು ಒಂದು ಇತಿಹಾಸದ ಕಟ್ಟು ವಾಪಸ್ ತೆಗೆದ, ಸರಿಯಾಗಿಯೇ ತೆಗೆದ. ಉಳಿದದ್ದನ್ನು ಯಾರೂ ಮುಟ್ಟಲಿಲ್ಲ.

ಮೂಲ ದಾಖಲೆಗಳ ದಾರಿ ಬೇರೆ. ಮಾರ್ಕ್ಸ್‌ಕಾರ್ಡ್, ಟಿಸಿ, ಕರ್ನಾಟಕದಿಂದ ಬಂದವರಿಗೆ ಮೈಗ್ರೇಷನ್, ಎಲಿಜಿಬಿಲಿಟಿಯ ಕಾಗದ, ಇವು ಎಂದೂ ಈ ವಿಂಗಡಣೆಗೆ ಬರಬಾರದು. ದಾಖಲೆ ಇಡುವ ಸರ್ಕಾರದ ಆನ್‌ಲೈನ್ ಖಾತೆ ಡಿಜಿಲಾಕರ್ 2015ರಿಂದ ಇದೆ, ಅದರೊಳಗೆ ಇಲಾಖೆಯೇ ಹಾಕಿದ ದಾಖಲೆಗೆ ಮೂಲದಷ್ಟೇ ಮಾನ್ಯತೆ ಇದೆ, ಆದರೂ ಅಡ್ಮಿಷನ್ ಕೌಂಟರಿನಲ್ಲಿ ಮೂಲ ಪ್ರತಿ ಕೇಳುತ್ತಾರೆ. ಇದಕ್ಕೆ ಮಾತ್ರ ಒಳ್ಳೆಯ ಪಿಪಿ ಫೋಲ್ಡರ್, ಕಪಾಟಿನ ಮೇಲಿನ ಖಾನೆ, ತೇವ ಹೀರುವ ಸಿಲಿಕಾ ಜೆಲ್ ಪುಡಿಕೆ.

ಇಷ್ಟಾದರೂ ಎದೆ ಹಗುರ ಆಗಿರಲಿಲ್ಲ. ತಾರೀಖು ಇರುವ ರಾಶಿಯೂ ಓದದೇ ಬಿದ್ದಿದ್ದರೆ ಬಾಗಿಲು ತೆರೆದ ಕೂಡಲೇ ಸಾಲ ಕೊಟ್ಟವರು ಕಾದು ಕೂತಂತೆ ಕಾಣುತ್ತದೆ. 2010ರಲ್ಲಿ ಡಾರ್ಬಿ ಸ್ಯಾಕ್ಸ್‌ಬಿ ಮತ್ತು ರೆನಾ ರೆಪೆಟ್ಟಿ ಪ್ರಕಟಿಸಿದ ಒಂದು ಅಧ್ಯಯನ ನನಗೆ ಇಲ್ಲಿ ಉಪಯೋಗಕ್ಕೆ ಬಂತು. ಲಾಸ್ ಏಂಜಲೀಸಿನ ದುಡಿಯುವ ದಂಪತಿಗಳಿಗೆ ತಮ್ಮ ಮನೆ ಸುತ್ತಿ ತೋರಿಸುತ್ತ ಮಾತಾಡಲು ಹೇಳಿದ್ದರು. ಮನೆಯನ್ನು ಸಾಮಾನು ತುಂಬಿದ್ದು, ಕೆಲಸ ಅರ್ಧಕ್ಕೆ ನಿಂತದ್ದು ಅಂತ ಜಾಸ್ತಿ ಹೇಳಿದ ಹೆಂಗಸರಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ದಿನ ಕಳೆದಂತೆ ಇಳಿಯಬೇಕಾದಷ್ಟು ಇಳಿಯುತ್ತಿರಲಿಲ್ಲ. ಅವರು ವಿದ್ಯಾರ್ಥಿಗಳಲ್ಲ, ನಮ್ಮ ರೂಮಿಗೆ ಅದನ್ನು ಹಾಗೇ ಅಂಟಿಸಲಾಗದು. ಆದರೆ ತುಂಬಿದ್ದರ ಜೊತೆಗೆ ಅರ್ಧಕ್ಕೆ ನಿಂತದ್ದನ್ನೂ ಅವರು ಎಣಿಸಿದ್ದರಲ್ಲ, ಅದು ನನ್ನ ಮನಸ್ಸಿಗೆ ನಾಟಿತು. ನಮ್ಮ ರಾಶಿಯಲ್ಲಿ ಕಾಡುತ್ತಿದ್ದದ್ದು ಹಾಳೆಯಲ್ಲ, ಓದದೇ ಉಳಿದದ್ದು.

ಆದ್ದರಿಂದ ಓದದ ಕಟ್ಟುಗಳ ಹೆಸರು, ಪುಟ, ಪರೀಕ್ಷೆ ದಿನ ಒಂದೇ ಹಾಳೆಯಲ್ಲಿ ಬರೆದು ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದೆವು. ಕಟ್ಟುಗಳು ಬಾಕ್ಸ್ ಫೈಲಿಗೆ ಹೋದವು, ಒಬ್ಬೊಬ್ಬರಿಗೆ ಒಂದೇ ಫೈಲು. ಏಳು ಸೆಂಟಿಮೀಟರಿನ ಫೈಲಿಗೆ ಲೆಕ್ಕದಲ್ಲಿ 700 ಹಾಳೆ ಹಿಡಿಯಬೇಕು. ಕೈಯಾಡಿದ ಹಾಳೆ ಉಬ್ಬಿರುತ್ತದೆ, 400ಕ್ಕೇ ತುಂಬಿಬಿಡುತ್ತದೆ. ತುಂಬಿದರೆ ಹೊಸ ಫೈಲಿಲ್ಲ, ಒಂದನ್ನು ಓದಿ ಮುಗಿಸಿ ತೆಗೆಯಬೇಕು. ಟೇಬಲ್ ಮೇಲೆ ಈ ವಾರದ ಕಟ್ಟು ಒಂದೇ. ಈರಣ್ಣ ಮೊದಲ ವಾರದಲ್ಲೇ ಕಾಸ್ಟಿಂಗಿನ ಒಂದು ಕಟ್ಟು ಮುಗಿಸಿ ಪಟ್ಟಿಯಲ್ಲಿ ಗೆರೆ ಹೊಡೆದ. ಅವನು ರಾತ್ರಿ ಊಟಕ್ಕೆ ಕೂತಾಗ ಎಷ್ಟು ಹಗುರಾಗಿ ಮಾತಾಡಿದ ಅಂದರೆ, ಈ ಕೆಲಸ ಮಾಡಿದ್ದು ಸಾರ್ಥಕ ಅನ್ನಿಸಿತು.

ಹೊರಗೆ ಹೋದ ಕಾಗದ ಎಲ್ಲಿಗೆ? ಒಂದು ಬದಿ ಖಾಲಿ ಇದ್ದವನ್ನು ಆರಿಸಿ ಸ್ಪೈರಲ್ ಹಾಕಿಸಿ ರಫ್ ಬುಕ್ ಮಾಡಿದೆವು, ಈ ಸೆಮಿಸ್ಟರಿಗೆ ನೋಟ್‌ಬುಕ್ ಕೊಳ್ಳುವುದಿಲ್ಲ. ಚಾಲ್ತಿಯಲ್ಲಿರುವ ಪುಸ್ತಕಗಳನ್ನು ಅಪ್ಪಾ ಬಳವಂತ ಚೌಕಿನ ಹಳೇ ಪುಸ್ತಕದ ಅಂಗಡಿಗೆ ಕೊಟ್ಟೆವು. ಉಳಿದದ್ದು ನಮ್ಮ ಬಿಲ್ಡಿಂಗಿಗೆ ಬರುವ ಸ್ವಚ್ಛ್ ಸಂಸ್ಥೆಯ ಅಕ್ಕನಿಗೆ. ಪುಣೆಯ ಕಸ ಆಯುವವರೇ ಮಾಲೀಕರಾಗಿರುವ ಸಹಕಾರಿ ಸಂಸ್ಥೆ ಅದು. ಬಿಳಿ ಹಾಳೆ ಬೇರೆ, ಬಣ್ಣದ್ದು ಬೇರೆ ಕಟ್ಟಿ ಒಣದಾಗಿ ಕೊಡಿ, ಅವರಿಗೆ ಉಪಕಾರವಾಗುತ್ತದೆ. ಎಟಿಎಂ ಚೀಟಿ, ನುಣುಪು ಬಿಲ್ಲುಗಳನ್ನು ಅದರಲ್ಲಿ ಸೇರಿಸಬೇಡಿ, ಅವುಗಳ ಮೇಲೆ ರಾಸಾಯನಿಕದ ಲೇಪ ಇರುತ್ತದೆ.

ಮಂಚದ ಕೆಳಗೆ ಜಾಗ ಆದ ಕೂಡಲೇ ತಲೆಯಲ್ಲಿ ಮುಂದಿನ ಕೆಲಸ ಶುರುವಾಗಿದೆ. ಕಿಟಕಿಯ ಕೆಳಗೆ ಮಡಚುವ ಟೇಬಲ್. 12 ಮಿ.ಮೀ. ಪ್ಲೈ, ಉದ್ದುದ್ದ ಪಿಯಾನೋ ಬಿಜಾಗರಿ, ಕೆಳಗೆ ಎರಡು ಮಡಚುವ ಬ್ರ್ಯಾಕೆಟ್. ಪ್ಲೈ 8×4 ಅಡಿಯ ಪೂರ್ತಿ ಶೀಟು ನಮಗೆ ಬೇಡ, ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಲ್ಲಿ ತುಂಡು ಸಿಗಬಹುದು ಅಂತ ಹುಡುಕುತ್ತಿದ್ದೇನೆ. ಗೋಡೆಗೆ ಡ್ರಿಲ್ ಹಾಕುವ ಹಾಗಿಲ್ಲ, ಮನೆ ಮಾಲೀಕರಾದ ಮಾಲಕಿನ್ ಕಾಕು ಸುತರಾಂ ಒಪ್ಪುವುದಿಲ್ಲ. ಆದ್ದರಿಂದ ಕಿಟಕಿಯ ಮರದ ಚೌಕಟ್ಟಿಗೇ ಬಿಜಾಗರಿ ಕೂರಿಸಬೇಕು, ಮೂವತ್ತು ಕಿಲೋ ಒತ್ತಿದರೂ ತಡೆಯಬೇಕು. ಹಳೇ ತೇಗದ ಚೌಕಟ್ಟಿಗೆ ಎಷ್ಟು ಉದ್ದದ ಸ್ಕ್ರೂ ಹಾಕಿದ್ದೀರಿ ಅಂತ ಮಾಡಿದವರು ತಿಳಿಸಿ. ಪುಣೆಯ ಪೇಟೆಬೀದಿ ಬೋಹ್ರಿ ಆಳಿಯಲ್ಲಿ ನಿಜವಾದ ಪಿಪಿ ಕವರು ಕೊಡುವ ಅಂಗಡಿ ಗೊತ್ತಿದ್ದರೆ ಅದನ್ನೂ ಹೇಳಿ, ಬಸುವಿನ ಜಾತಿ ಪಡತಾಳಣಿ (ಜಾತಿ ಪ್ರಮಾಣಪತ್ರದ ಪರಿಶೀಲನೆ) ಕಾಗದಗಳು ಇನ್ನೂ ಬಟ್ಟೆಯ ಚೀಲದಲ್ಲೇ ಇವೆ.