ಕೊನೆ ಕೊಯ್ಲಿನ ಚಿತ್ರಕ್ಕೊಂದು ಕಂಪ್ಯೂಟರು

ತೀರ್ಥಹಳ್ಳಿ ಸೀಮೆಯ ನಮ್ಮ ತೋಟದಲ್ಲಿ ಕೊನೆ ಕೊಯ್ಲಿನಿಂದ, ಎಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವುದರಿಂದ ಹಿಡಿದು, ಸುಲಿದ ಅಡಿಕೆಯನ್ನು ಬೇಯಿಸಿ ಅಟ್ಟದ ಮೇಲೆ ಹರವುವವರೆಗಿನ ಕೆಲಸವನ್ನೆಲ್ಲ ಚಿತ್ರೀಕರಿಸಿ ಮುಗಿಸಿದಾಗ ನನ್ನ ಬಳಿ ಆರು ಗಂಟೆಗಳ ದೃಶ್ಯಗಳಿದ್ದವು; ಅವನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಬಲ್ಲ ಕಂಪ್ಯೂಟರು ಮಾತ್ರ ಇರಲಿಲ್ಲ. ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ 4ಕೆ ಕಡತ ತೆರೆದರೆ ಧ್ವನಿ ಮುಂದೆ ಓಡುತ್ತಿತ್ತು, ಮರದಿಂದ ಮರಕ್ಕೆ ದಾಟುತ್ತಿದ್ದ ಕೊನೆಗಾರ ನಡುವೆಯೇ ನಿಂತುಬಿಡುತ್ತಿದ್ದ. "ಪಾಪ, ಅವನನ್ನು ಒಮ್ಮೆ ಇಳಿಸೋ ಮಾರಾಯ" ಎಂದು ಅಮ್ಮ ನಗುತ್ತಿದ್ದರು.

ಕ್ಯಾಮೆರಾ ಬರೆಯುವ, ಎಚ್.264 ಎಂಬ ಬಗೆಯಲ್ಲಿ ಕುಗ್ಗಿಸಿದ ವಿಡಿಯೋ ಕಡತದಲ್ಲಿ ಪ್ರತಿ ಚೌಕಟ್ಟೂ ಪೂರ್ಣ ಚಿತ್ರವಾಗಿರುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಚಿತ್ರವಿದ್ದು, ಉಳಿದವುಗಳಲ್ಲಿ ಬದಲಾದಷ್ಟೇ ಅಂಶ ದಾಖಲಾಗಿರುತ್ತದೆ. ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದ ಹಾಗೆ, ಇಂದಿನ ಬಾಕಿ ತಿಳಿಯಬೇಕಾದರೆ ಹಿಂದಿನಿಂದ ಕೂಡಿಸುತ್ತ ಬರಬೇಕು. ಸುಮ್ಮನೆ ನೋಡುವವರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಸಂಕಲನ ಮಾಡುವವನು ಹಿಂದೆ ಮುಂದೆ ಜಿಗಿಯುತ್ತಲೇ ಇರುವುದರಿಂದ, ಜಿಗಿದಾಗಲೆಲ್ಲ ಪ್ರೊಸೆಸರ್ ಆ ಲೆಕ್ಕವನ್ನು ಹೊಸದಾಗಿ ಕೂಡಬೇಕಾಗುತ್ತದೆ. ಗಾಳಿಗೆ ಅಲುಗುವ ಸೋಗೆಗಳ ತೋಟದಲ್ಲಂತೂ ಬದಲಾಗದ ಅಂಶವೇ ಕಡಿಮೆ.

ಇಷ್ಟನ್ನು ತಿಳಿದುಕೊಂಡು, 55 ಸಾವಿರ ರೂಪಾಯಿಯ ಮಿತಿ ಹಾಕಿಕೊಂಡು, ಸೋಗೆ ಅಲುಗುವ ದೃಶ್ಯವನ್ನೇ ಪೆನ್‌ಡ್ರೈವಿನಲ್ಲಿಟ್ಟುಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ. ದುರ್ಗಿಗುಡಿಯ ಅಂಗಡಿಯ ಹುಡುಗ ಮೊದಲು ತೋರಿಸಿದ್ದು ಬಣ್ಣಬಣ್ಣದ ದೀಪ ಉರಿಯುವ ಆಟದ ಯಂತ್ರವನ್ನು. ಅದು ಕೈಗೆಟುಕುವಂತಿರಲಿಲ್ಲ. ಬೇರೆ ಬೇರೆ ಭಾಗಗಳನ್ನು ಜೋಡಿಸಿಕೊಡುವಂತೆ ಕೇಳಿದಾಗ, "ಸರ್, ಐ5-12400ಎಫ್ ಹಾಕೋಣ, ಎಫ್ ಇಲ್ಲದ್ದಕ್ಕಿಂತ ಕಡಿಮೆಗೆ ಸಿಗುತ್ತೆ" ಎಂದ. ಎರಡೂ ಇಂಟೆಲ್ ಪ್ರೊಸೆಸರುಗಳು, ಎರಡರಲ್ಲೂ ಆರು ಕೋರ್‌ಗಳೇ ಇರುವುದರಿಂದ ನಾನು ಹೆಚ್ಚುಕಡಿಮೆ ಒಪ್ಪಿದ್ದೆ. ಆದರೆ ಎಫ್ ಎಂಬ ಆ ಒಂದು ಅಕ್ಷರಕ್ಕೆ, ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್ ಭಾಗ ಇಲ್ಲವೆಂದು ಅರ್ಥ. ವಿಡಿಯೋ ಸಂಕೇತವನ್ನು ಬಿಡಿಸುವುದಕ್ಕೆಂದೇ ಇಂಟೆಲ್ ಇಟ್ಟಿರುವ ಕ್ವಿಕ್ ಸಿಂಕ್ ಮಂಡಲ ಇರುವುದೂ ಆ ಭಾಗದಲ್ಲೇ. ಉಳಿಸಿದ ಹಣದ ಮೇಲೆ ಇನ್ನಷ್ಟು ಸೇರಿಸಿ ಬೇರೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಕಾಗುತ್ತಿತ್ತು. ಎಫ್ ಇಲ್ಲದ ಪ್ರೊಸೆಸರಿದ್ದ ಇನ್ನೊಂದು ಯಂತ್ರದಲ್ಲಿ ನನ್ನ ಪೆನ್‌ಡ್ರೈವ್ ಹಾಕಿಸಿ ನೋಡಿದೆ. ಕೊನೆಗಾರ ಎಲ್ಲಿಯೂ ನಿಲ್ಲದೆ ದಾಟಿದ.

16 ಜಿಬಿ ರ‍್ಯಾಮ್, ಕೆಲಸಕ್ಕೊಂದು ಎಸ್‌ಎಸ್‌ಡಿ, ಮೂಲ ಕಡತಗಳಿಗೆ 2 ಟಿಬಿ ಹಾರ್ಡ್ ಡಿಸ್ಕ್ ಸೇರಿಸಿದೆ. ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಬರೆಯುವ ನನ್ನ ಕ್ಯಾಮೆರಾದ ಒಂದು ಗಂಟೆಯ ದೃಶ್ಯ 45 ಜಿಬಿ ಆಗುತ್ತದೆ, ಆರು ಗಂಟೆಗೆ 270. ಉಳಿದ ಹಣ ಯುಪಿಎಸ್‌ಗೆ ಹೋಯಿತು. ಮಳೆಗಾಲದಲ್ಲಿ ನಮ್ಮ ಕಡೆಯ ಕರೆಂಟಿನ ನಡವಳಿಕೆ ಬಲ್ಲವರು ಇದನ್ನು ದುಂದುವೆಚ್ಚ ಎನ್ನಲಾರರು.

ವಿಂಡೋಸ್ ಪರವಾನಗಿಗೆ ಹಣ ಉಳಿಯದೆ ಉಚಿತವಾಗಿ ಸಿಗುವ ಲಿನಕ್ಸ್ ಬಗೆಯ ಉಬುಂಟು ಹಾಕಿಕೊಂಡದ್ದರಿಂದ ತಂತ್ರಾಂಶದ ಆಯ್ಕೆಯೂ ತಾನಾಗಿ ಕಿರಿದಾಯಿತು. ಡಾವಿಂಚಿ ರಿಸಾಲ್ವ್ ಎಂಬ ಸಂಕಲನ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ ಬಣ್ಣ ತಿದ್ದುವ ಸೌಲಭ್ಯ ನನ್ನ ಅಗತ್ಯಕ್ಕಿಂತ ಹೆಚ್ಚೇ ಇದೆ. ಆದರೆ ಲಿನಕ್ಸ್‌ನಲ್ಲಿ ಅದು ಎಚ್.264 ಕಡತವನ್ನು ನೇರವಾಗಿ ತೆಗೆದುಕೊಳ್ಳುತ್ತಿರಲಿಲ್ಲ, ಪರಿವರ್ತಿಸಿದರೆ ಕಡತದ ಗಾತ್ರ ಹಲವು ಪಟ್ಟು ಹಿಗ್ಗುತ್ತಿತ್ತು. ಪ್ರಯತ್ನಿಸಿದ ಮತ್ತೊಂದು ತಂತ್ರಾಂಶದಲ್ಲಿ 'ಕೊಯ್ಲು' ಎಂದು ಶೀರ್ಷಿಕೆ ಬರೆದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತಿತ್ತು. ಕನ್ನಡ ಚಿತ್ರಕ್ಕೆ ಅದೊಂದೇ ಸಾಕು, ಬೇಡವೆನ್ನಲು. ಕೊನೆಗೆ ಕೆಡೆನ್‌ಲೈವ್‌ನಲ್ಲಿ ನೆಲೆ ನಿಂತೆ. ಅದು ಮುಕ್ತ ತಂತ್ರಾಂಶ, ಒತ್ತು ಒತ್ತಿನ ಜಾಗದಲ್ಲೇ ಕೂರುತ್ತದೆ. ಮೂಲ ದೃಶ್ಯಕ್ಕೆ ಪ್ರಾಕ್ಸಿ ಎಂಬ ಹಗುರ ಪ್ರತಿಯನ್ನು ತಾನೇ ಮಾಡಿಕೊಂಡು, ಕತ್ತರಿಸಿ ಜೋಡಿಸುವಾಗ ಅದನ್ನು ಮುಂದಿಡುತ್ತದೆ. ಅಂತಿಮ ಚಿತ್ರ ತೆಗೆಯುವಾಗ ಮೂಲಕ್ಕೇ ಮರಳುತ್ತದೆ.

ಇದು ಗೊತ್ತಿದ್ದರೆ ಹಳೆಯ ಲ್ಯಾಪ್‌ಟಾಪಿನಲ್ಲೇ ಹೇಗೋ ಸುಧಾರಿಸಬಹುದಿತ್ತೇನೋ ಎಂಬ ಅನುಮಾನ ಈಗಲೂ ಉಂಟು. ಅಮ್ಮನ ಮುಂದೆ ಅದನ್ನು ಹೇಳಿಲ್ಲ.

ಮೊದಲ ಜೋಡಣೆಯನ್ನು ಕೊನೆಗಾರನಿಗೇ ತೋರಿಸಿದೆ. ಮೌನವಾಗಿ ನೋಡಿದವನು ಒಂದು ಕಡೆ ತಡೆದ: "ಅಯ್ಯಾ, ಆ ಮರಕ್ಕೆ ದಾಟೋ ಮೊದಲು ನಾನು ಅದನ್ನ ಹತ್ತಿರಕ್ಕೆ ಎಳ್ಕೊಂಡಿದ್ದೆ. ಅದನ್ನೇ ಕತ್ತರಿಸಿಬಿಟ್ಟಿದೀರಲ್ಲ." ಅವನ ಮುಂದೆಯೇ ದೃಶ್ಯದ ಅಂಚನ್ನು ಹಿಂದಕ್ಕೆಳೆದು ಆ ಎರಡು ಸೆಕೆಂಡುಗಳನ್ನು ಮರಳಿ ಸೇರಿಸಿದೆ.